ಶಹನಾಯಿಯ ನಾಲ್ಕು ಸ್ವರ

ಹೊಳೆದಂಡೆಯ ಮಠಕ್ಕೆ ಷಡಕ್ಷರಿ ಶಿಷ್ಯನಾಗಿ ಬಂದು ಮೂರು ತಿಂಗಳಾಗಿತ್ತು. ಬಂದದ್ದು ವೈರಾಗ್ಯದಿಂದಲ್ಲ, ಭಯದಿಂದ.

ಅವನಿಗೆ ಸಿನಿಮಾ ಸಂಗೀತದ ರೆಕಾರ್ಡ್ ಕೂಡಿಡುವ ಹುಚ್ಚು. ಹಾಡಿಗಾಗಿ ಅಲ್ಲ, ಹಿನ್ನೆಲೆ ಸಂಗೀತಕ್ಕಾಗಿ. ಒಬ್ಬನೇ ಸಂಗೀತ ನಿರ್ದೇಶಕನ ಹನ್ನೊಂದು ರೆಕಾರ್ಡುಗಳಲ್ಲಿ ಶಹನಾಯಿಯ ಅವೇ ನಾಲ್ಕು ಸ್ವರ ಅಡಗಿರುವುದನ್ನು ಅವನು ಪತ್ತೆಹಚ್ಚಿದ್ದ. ಒಮ್ಮೆ ವಯಲಿನ್ನುಗಳ ಕೆಳಗೆ, ಒಮ್ಮೆ ಮಳೆಯ ಸದ್ದಿನ ಹಿಂದೆ. ಸಿನಿಮಾದಲ್ಲಿ ಆ ರಾಗ ಬಂತೆಂದರೆ ಮುಗಿಯಿತು, ಯಾರೋ ಒಬ್ಬರು ಸಾಯುತ್ತಿದ್ದರು.

ಬರಬರುತ್ತ ರೆಕಾರ್ಡು ಹಾಕದಿದ್ದಾಗಲೂ ಅದು ಕೇಳತೊಡಗಿತು. ಅದೂ ಬಸುರಿ ಮಗಳು ನೀಲಮ್ಮ ಎದುರಿಗೆ ಬಂದಾಗಲೇ. ತಾಯಿಯಿಲ್ಲದ ಮಗಳು. ಷಡಕ್ಷರಿ ಒಂದು ಮಾತೂ ಹೇಳದೆ ಕಾಲಿಗೆ ಬುದ್ಧಿ ಹೇಳಿದ್ದ.

ಆ ದಿನ ಅವಳ ಕಾಗದ ಬಂತು. ಸೋಮವಾರ ಕುಬಸ, ಏಳು ತಿಂಗಳ ಬಸುರಿಗೆ ತವರಿನ ಹಸಿರು ಸೀರೆ ಬರಬೇಕಾದ ದಿನ. ಮುಂದಿನದನ್ನು ಓದಲಾಗದೆ ಷಡಕ್ಷರಿ ಕಾಗದವನ್ನು ಮಠದ ಸ್ವಾಮಿಗಳಾದ ಅಜ್ಜನವರ ಮುಂದಿಟ್ಟ.

“ಹೋಗಂಗಿಲ್ಲೇನು?” ಅಂದರು ಅಜ್ಜನವರು.

“ನಾ ಹೋದ್ರ ಆ ಶಹನಾಯಿನೂ ಬರ್ತೈತ್ರಿ ಅಜ್ಜಾರ. ಇಲ್ಲಿಗೂ ಬಂದೈತಿ.”

“ಹ್ಯಾಂಗಿರತೈತಿ, ಒಮ್ಮೆ ತೋರ್ಸು.”

“ಶಿವ ಶಿವಾ! ಒಂದಿನಾನೂ ಅದನ್ನ ಬಾಯಿಗೆ ತಂದಾಂವಲ್ರಿ ನಾ.”

ಅಜ್ಜನವರು ದೂರದ ಬೇವಿನ ಗಿಡ ತೋರಿಸಿದರು. “ಬಾಯಿತುಂಬ ಹೊಳಿನೀರು ಹಿಡಕೊಂಡು ಅಲ್ಲೀತನ ನಡಿ. ಬುಡಕ್ಕ ಉಗುಳಿ ವಾಪಸ್ ಬಾ.”

ಹೋಗುವಾಗ ಹೊಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನೀರು ಉಗುಳಿ ಎರಡು ಹೆಜ್ಜೆ ಇಟ್ಟಿರಲಿಲ್ಲ, ಶಹನಾಯಿ ಸಣ್ಣಗೆ ಶುರುವಾಯಿತು.

“ಇನ್ನೊಮ್ಮೆ.”

ಮತ್ತೆ ಹಾಗೆಯೇ ಆಯಿತು.

ಮೂರನೆಯ ಸಲ ಉಗುಳಿದವನು ತುಟಿಯ ಮುಂದೆ ಬೆರಳು ಹಿಡಿದ. ಹಲ್ಲಿನ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ನಾಲ್ಕು ಸ್ವರವಾಗಿ. ಅವನು ಓಡುತ್ತ ವಾಪಸ್ ಬಂದ.

“ಅಜ್ಜಾರ, ಊದಾಂವ ನಾನ ಏನ್ರಿ?”

“ನೀ ಬಂದಾಗಿಂದ ಹಿಂಗ. ನಿನಗಿಂತ ಮದಲ ಅದು ಬಾಗಲಕ್ಕ ಬರ್ತೈತಿ. ಅದು ಕೇಳಿದ ಕೂಡ್ಲೆ ಒಳಗ ನಿನ್ನ ಗಂಗಾಳಕ್ಕ ಊಟ ಬಡಸ್ತಾರ.”

ಷಡಕ್ಷರಿಗೆ ನಗು ಬರಲಿಲ್ಲ. ನನ್ನ ಬಾಯಿಂದಲೇ ಮಗಳ ಮನೆಗೆ ಸಾವನ್ನು ಕರೆದೆನಲ್ಲ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಅಜ್ಜನವರು ಕಾಗದದ ಉಳಿದ ಸಾಲುಗಳನ್ನು ಗಟ್ಟಿಯಾಗಿ ಓದಿದರು.

“ನೀ ಊದತಿದ್ದ ರಾಗ ಈಗ ನಾನೂ ಗುನುಗ್ತೀನಪ್ಪಾ. ಹೊಟ್ಟ್ಯಾಗಿನ ಕೂಸು ಎಷ್ಟರ ಒದೀಲಿ, ಅದು ಕೇಳಿದ ಕೂಡ್ಲೆ ಗಪ್ಪಾಗಿಬಿಡ್ತೈತಿ.”

“ಬ್ಯಾಡ ಅನ್ರಿ ಅಕಿಗೆ!” ಷಡಕ್ಷರಿ ಚೀರಿದ. “ಅದು ಸಾವಿನ ರಾಗರಿ!”

“ಆ ಕೂಸು ನಿನ್ನ ಸಿನಿಮಾ ನೋಡೇತೇನು?”

ಅಷ್ಟು ಹೊತ್ತಿಗೆ ಷಡಕ್ಷರಿಯ ಹಲ್ಲಿನ ಸಂದಿಯಲ್ಲಿ ಗಾಳಿ ಮತ್ತೆ ಶುರುವಾಗಿತ್ತು. ಈ ಸಲ ಅವನಿಗೂ ಅದು ಗೊತ್ತಾಯಿತು.

ಅಜ್ಜನವರು ಕಾಗದ ಮಡಚಿ ಅವನ ಅಂಗಿಯ ಕಿಸೆಗೆ ಹಾಕಿದರು.

“ರಾಗ ಮುಂದ ಹೋಗಿ ಮುಟ್ಟೇತಿ ಷಡಕ್ಷರಿ. ಅದರ ಹಿಂದ ಬರಾಂವ ಯಾರು ಅಂತ ಆ ಕೂಸು ಗಪ್ಪಾಗಿ ಕಾಯಾಕತ್ತೈತಿ.”