ಹಲ್ಲಿನಲ್ಲಿ ಮಾತಾಡುವ ರಾಜಕುಮಾರ

"ಕೇಳಿರಯ್ಯಾ ಕೇಳಿ! ನೇಸರಕೋಟೆಯ ದೊರೆ ಮಾಚರಸರ ಅಪ್ಪಣೆ! ಚಿಕ್ಕ ರಾಜಕುಮಾರ ಬೊಮ್ಮರಸರನ್ನು ಸರಿಪಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ಆದರೆ ಮಗುವಿನ ಹತ್ತಿರ ಹೋಗುವ ಮೊದಲು ರಾಜಕುಮಾರಿ ದೇವಲೆಯವರ ಮೂರು ಒಗಟುಗಳನ್ನು ಬಿಡಿಸಬೇಕು. ತಪ್ಪಿದವರಿಗೆ ಅಮಾವಾಸ್ಯೆಯಂದು ತಲೆದಂಡ!"

ಸಾರಿ ಸಾರಿ ಡಂಗುರದವನ ಗಂಟಲು ಒಡೆದುಹೋಗಿತ್ತು. ಕೇಳಿದವರು ತಲೆ ಎತ್ತದೆ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು.

ರಾಣಿ ತೀರಿಕೊಂಡಾಗಿನಿಂದ ನಾಲ್ಕು ವರ್ಷದ ಬೊಮ್ಮರಸ ಮಾತು ಬಿಟ್ಟಿದ್ದ. ಅರಮನೆಯ ಆಳುಕಾಳುಗಳ ಕೂಸುಗಳೊಂದಿಗೆ ಅವನೂ ಹಗಲೆಲ್ಲ ಮಕ್ಕಳಮನೆಯಲ್ಲಿರುತ್ತಿದ್ದ. ಹತ್ತಿರ ಬಂದವರನ್ನು ಕಚ್ಚುತ್ತಿದ್ದ. ಗುಣಪಡಿಸುತ್ತೇನೆಂದು ಬಂದ ಮಂತ್ರವಾದಿಯೊಬ್ಬ ಬರೆ ಹಾಕಲು ಹೋದದ್ದನ್ನು ಕಂಡು ದೊರೆ ಈ ಕಟ್ಟಳೆ ಮಾಡಿದ್ದ. ಒಗಟು ಕಟ್ಟಿದವಳು ಮಗುವಿನ ಅಕ್ಕ ದೇವಲೆ, ತಲೆದಂಡ ಸೇರಿಸಿದವನು ದೊರೆ.

ಆ ಮಕ್ಕಳಮನೆಯನ್ನು ನೋಡಿಕೊಳ್ಳುತ್ತಿದ್ದ ಹಾಲವ್ವ ಒಂದು ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂತಳು. ಮುಂಗೈ ಮೇಲೆ ಹಲ್ಲಿನ ಗುರುತು ನೀಲಿಗಟ್ಟಿತ್ತು. ಅಕ್ಕನ ಮಗ ಕೆಂಚ ಬಿಸಿನೀರು ತಂದು ಒರೆಸಿದ.

"ತುಂಬಾ ನೋಯ್ತದಾ ಚಿಕ್ಕವ್ವ?"

"ಕೈಯಲ್ಲ ಕಣೋ. ಇವತ್ತು ಆ ಕೂಸನ್ನ ಕಂಡ್ರೆ ನಂಗೆ ಸಿಟ್ಟು ಬಂತು. ತಾಯಿಲ್ಲದ ಕೂಸಿನ ಮೇಲೆ! ನಾನು ಇಂಥೋಳಾಗಿರ್ಲಿಲ್ಲ. ನನಗಿಂತ ಮುಂಚೆ ಇದ್ದೋರನ್ನೆಲ್ಲ ಓಡಿಸಿದ್ರು. ಇನ್ನು ನನ್ನ ಸರದಿ." ತಟ್ಟೆ ಮುಂದಿಟ್ಟರೆ ತುತ್ತು ಎತ್ತಲೂ ಅವಳಿಗೆ ಆಗಲಿಲ್ಲ.

ಕೆಂಚನೂ ದಣಿದಿದ್ದ. ನೇಕಾರರ ಕೇರಿಯಲ್ಲಿ, ಇಟ್ಟಿಗೆ ಗೂಡುಗಳ ಬಳಿಯಲ್ಲಿ ಕೂಲಿಯವರ ಮಕ್ಕಳನ್ನು ಬಿಟ್ಟುಹೋಗುವ ಮನೆಗಳಿಗೆ ಅವನು ದಿನವೂ ಸುತ್ತುತ್ತಿದ್ದ. ಮಗುವಿಗೆ ಮದ್ದು ಕೊಡುವುದಿಲ್ಲ, ಮಂತ್ರ ಹಾಕುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರ ಪಕ್ಕ ಕೂತು, ಯಾವ ಕೂಸು ಯಾವಾಗ ಮಂಕಾಗುತ್ತದೆ, ಯಾವಾಗ ಕೆರಳುತ್ತದೆ, ಆಗ ಇವರಿಗೆ ಏನನಿಸುತ್ತದೆ ಎಂದು ಅವರ ಜೊತೆ ಮಾತಾಡುತ್ತಿದ್ದ. ಇದೂ ಒಂದು ಕೆಲಸವೇ ಎಂದು ನಗುವವರೇ ಹೆಚ್ಚು. ಚಿಕ್ಕವ್ವನ ಮುಂದೆ ತಣ್ಣಗಾದ ತಟ್ಟೆ ನೋಡಿ, ನಾಳೆ ಅರಮನೆಗೆ ಹೋಗುವುದೆಂದು ಅವನು ನಿಶ್ಚಯಿಸಿದ.

ಮರುದಿನ ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಹುಲಿ ಕೊಂದ ಕಟ್ಟಾಳೊಬ್ಬ, ಗಾಡಿ ತುಂಬ ಬೊಂಬೆ ತಂದ ವರ್ತಕನೊಬ್ಬ.

ದೇವಲೆ ಮೊದಲನೆಯ ಒಗಟು ಕೇಳಿದಳು. "ಒಬ್ಬನಿದ್ದಾನೆ. ನಾಲಿಗೆಯಿದ್ದೂ ಹೇಳಬೇಕಾದ್ದನ್ನೆಲ್ಲ ಹಲ್ಲಿನಲ್ಲಿ ಹೇಳುತ್ತಾನೆ. ಕೇಳಿದವರು ಓಡಿಹೋಗುತ್ತಾರೆ. ಓಡಿಹೋಗಬೇಡಿ ಎಂದೇ ಅವನು ಹೇಳುವುದು. ಯಾರವನು?"

"ಹಾವು!" ಎಂದ ಕಟ್ಟಾಳು. ಕಾವಲಿನವರು ಅವನ ತೋಳು ಹಿಡಿದರು.

ವರ್ತಕ ಗಡ್ಡ ನೀವಿಕೊಂಡು, "ಚಿಕ್ಕ ದೊರೆಗಳೇ ಇರಬೇಕು," ಎಂದ. ದೇವಲೆ ತಲೆದೂಗಿದಳು.

"ಎರಡನೆಯದು. ಅರವಟ್ಟಿಗೆಯಲ್ಲಿ ನೀರಿನ ಗುಡಾಣವೊಂದಿದೆ. ಬಂದವರೆಲ್ಲ ಮೊಗೆದು ಕುಡಿಯುತ್ತಾರೆ. ಸಂಜೆಗೆ ತಳ ಕಂಡರೆ ಗುಡಾಣಕ್ಕೇ ಬೈಯುತ್ತಾರೆ. ಏನು ಮಾಡಬೇಕು?"

"ಒಡೆದು ಹಾಕಿ ಹೊಸದು ತರಬೇಕು ತಾಯಿ!"

ದೇವಲೆ ಕಣ್ಣು ಮುಚ್ಚಿಕೊಂಡಳು. ವರ್ತಕನನ್ನೂ ಸೆರೆಗೆ ಎಳೆದೊಯ್ದರು. ಅವನ ಬೊಂಬೆಯೊಂದು ನೆಲಕ್ಕೆ ಬಿದ್ದು ಅಲ್ಲೇ ಉಳಿಯಿತು.

ಕೆಂಚ ಕೈಮುಗಿದು ಮುಂದೆ ಬಂದ. "ಮೊದಲನೆಯದು ವರ್ತಕರು ಹೇಳಿದ್ದೇ ಅಮ್ಮಣ್ಣಿ. ಎರಡನೆಯದಕ್ಕೆ, ಗುಡಾಣಕ್ಕೆ ನೀರು ತುಂಬೋರು ಬೇಕು. ಹೊಸದು ತಂದರೆ ಅದೂ ಸಂಜೆಗೆ ಬರಿದಾಗ್ತದೆ."

ಸಭೆ ಮಿಸುಕಾಡಿತು. ಮೂರನೆಯ ಒಗಟಿನವರೆಗೆ ಇಲ್ಲಿಯತನಕ ಯಾರೂ ಬಂದಿರಲಿಲ್ಲ. ದೇವಲೆಯ ದನಿ ಸಣ್ಣಗಾಯಿತು.

"ಈ ಅರಮನೆಯಲ್ಲಿ ಒಂದು ವಸ್ತುವಿದೆ. ದೊಡ್ಡವರು ಬಚ್ಚಿಟ್ಟಷ್ಟೂ ಅದು ಚಿಕ್ಕವರ ಕೈಗೆ ಸಿಗುತ್ತದೆ. ಒಬ್ಬನೇ ಹೊತ್ತರೆ ಬೆಟ್ಟ, ನಾಲ್ಕು ಜನರ ನಡುವೆ ಇಟ್ಟರೆ ಹಗುರ. ಯಾವುದದು?"

ಕೆಂಚನಿಗೆ ಉತ್ತರ ಹೊಳೆಯಿತು. ಆದರೆ ರಾಣಿಯ ಹೆಸರೆತ್ತಬಾರದೆಂದು ದೊರೆಯ ಆಜ್ಞೆಯಿತ್ತು. ಅವನು ದೇವಲೆಯ ಮುಖ ನೋಡಿದ. ಅವಳ ಕಣ್ಣು ಸಿಂಹಾಸನದ ಕಡೆಗಿತ್ತು. ಈ ಒಗಟನ್ನು ಅವಳು ಕೇಳುತ್ತಿರುವುದು ತನ್ನನ್ನಲ್ಲ ಎಂದು ಅವನಿಗೆ ಗೊತ್ತಾಯಿತು.

"ದುಃಖ," ಎಂದ. "ರಾಣಿಯಮ್ಮ ಹೋದ ದುಃಖ."

ದೊರೆ ದಡಕ್ಕನೆ ಎದ್ದ. ಕಾವಲಿನವನ ಕೈ ಕತ್ತಿಯ ಹಿಡಿಗೆ ಹೋಯಿತು.

"ಉತ್ತರ ಸರಿಯಾಗಿದೆ ಅಪ್ಪಾಜಿ," ಎಂದಳು ದೇವಲೆ.

ದೊರೆ ನಿಂತೇ ಇದ್ದ. ಆಮೇಲೆ ಮೆಲ್ಲನೆ ಕೂತು, "ಬಿಡಿಸಿ ಹೇಳು," ಎಂದ.

"ಚಿಕ್ಕ ದೊರೆಗಳು ಕಚ್ಚೋದು ದುಷ್ಟತನಕ್ಕಲ್ಲ ಬುದ್ಧಿ. ಅವ್ವ ಹೇಳದೆ ಹೋದಳು. ಇವರೂ ಹೋಗಿಬಿಟ್ಟರೆ ಅಂತ ಹಲ್ಲೂರಿ ಹಿಡ್ಕೋತಾರೆ. ಗುಡಾಣ ನನ್ನ ಚಿಕ್ಕವ್ವ. ಅಷ್ಟು ಮಕ್ಕಳ ಅಳು ಅವಳೊಬ್ಬಳೇ ಕೇಳ್ತಾಳೆ, ಅವಳ ಅಳು ಕೇಳೋರಿಲ್ಲ. ಅವಳ ಎದೆ ತಣ್ಣಗಿದ್ದರೆ ಮಗುವಿಗೂ ಅಲ್ಲಿ ಜಾಗ. ಮೂರನೆಯದು..." ಅವನು ತಡವರಿಸಿದ. "ಅವ್ವ ಎಲ್ಲಿ ಅಂತ ಆ ಮಗುವಿಗೆ ಇನ್ನೂ ಯಾರೂ ಹೇಳಿಲ್ಲ."

"ಏನು ಬೇಕು ಕೇಳು," ಎಂದ ದೊರೆ.

"ಸೆರೆಯಲ್ಲಿರೋರನ್ನೆಲ್ಲ ಬಿಡಿ. ಚಿಕ್ಕವ್ವನ ಜೊತೆಗೆ ಇನ್ನಿಬ್ಬರನ್ನ ಕೊಡಿ. ದಿನಾ ಒಂದಿಷ್ಟು ಹೊತ್ತು ತಾವೂ ಬಂದು ಅಲ್ಲಿ ಕೂರಿ."

ಅಷ್ಟೂ ನಡೆಯಿತು. ರಾಜ್ಯದ ಮಕ್ಕಳಮನೆಗಳಿಗೆಲ್ಲ ಹೋಗಿಬರುವ ಅಧಿಕಾರವನ್ನೂ ಒಂದು ಕುದುರೆಯನ್ನೂ ದೊರೆ ಕೆಂಚನಿಗೆ ಕೊಟ್ಟ. ಹತ್ತಲು ಬಾರದ ಕೆಂಚ ಬಹಳ ದಿನ ಅದನ್ನು ಹಗ್ಗ ಹಿಡಿದು ನಡೆಸಿಕೊಂಡೇ ಊರೂರು ಸುತ್ತಿದ.

ಬೊಮ್ಮರಸ ಮರುದಿನವೂ ಕಚ್ಚಿದ, ಅದರ ಮರುದಿನವೂ. ಆದರೆ ಯಾರೂ ಎದ್ದು ಹೋಗಲಿಲ್ಲ. ಒಂದು ಮಧ್ಯಾಹ್ನ ಅವನು ಚಾಪೆಯ ಮೇಲೆ ಕೂತಿದ್ದ ದೊರೆಯ ಹತ್ತಿರ ಬಂದು, ತುಕ್ಕು ಹಿಡಿದಂಥ ದನಿಯಲ್ಲಿ, "ಅವ್ವ?" ಎಂದ.

"ಸತ್ತುಹೋದಳು ಮಗಾ," ಎಂದ ದೊರೆ. ಹೇಳಿದ್ದೇ ಅವನ ಅಳು ಒಡೆಯಿತು. ಮಗು ಅಪ್ಪನ ಮುಖವನ್ನೇ ನೋಡಿ, ತೊಡೆಯೇರಿ ಕೂತಿತು.

ಗೋಡೆಗೊರಗಿದ್ದ ಹಾಲವ್ವನಿಗೆ ಇದೊಂದೂ ಕೇಳಿಸಲಿಲ್ಲ. ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೆಂಚ ಅವಳನ್ನು ಎಬ್ಬಿಸಲಿಲ್ಲ.