ಐತಪ್ಪನ ಫೋನು

ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಎರಡು ಕೋಣೆಗಳೇ ಮುಖ್ಯ. ಒಂದು ಭಜನೆಗೆ, ಇನ್ನೊಂದು ರಿಪೇರಿಗೆ.

ಎರಡಕ್ಕೂ ಗುರು ಒಬ್ಬರೇ, ತುಳಸಾಬಾಯಿ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು ಅವರು. ನಿವೃತ್ತಿಯಾದ ಮರುದಿನವೇ ಒಂದು ಟ್ರಂಕು, ವೋಲ್ಟೇಜು ಅಳೆಯುವ ಒಂದು ಮೀಟರು, ಒಂದು ಜೊತೆ ತಾಳ ಹಿಡಿದುಕೊಂಡು ಇಲ್ಲಿಗೆ ಬಂದಿದ್ದರು. ಈಗ ಎಪ್ಪತ್ತೆರಡರ ವಯಸ್ಸು. ಸೀರೆಯ ನೆರಿಗೆ ಇನ್ನೂ ಅಳತೆಪಟ್ಟಿ ಇಟ್ಟು ಹಾಕಿದಂತಿರುತ್ತಿತ್ತು. ಅವರ ಮೇಜಿನ ಮೇಲೆ ಒಂದು ಸ್ಕ್ರೂ ಕೂಡ ಅಪ್ಪಣೆಯಿಲ್ಲದೆ ಉರುಳುತ್ತಿರಲಿಲ್ಲ.

ಒಂದೇ ಒಂದು ಕೊರತೆ. ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು.

ಅದಕ್ಕೇ ಈಗ ಸೂಕ್ಷ್ಮದ ಕೆಲಸವೆಲ್ಲ ಶಿಷ್ಯೆ ಕುಮುದಾಳದು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಕೈ ಚುರುಕು, ಕಂಠ ಇನ್ನೂ ಚುರುಕು. ಎರಡೂ ತನಗೆ ಚೆನ್ನಾಗಿವೆ ಎಂಬುದು ಅವಳಿಗೆ ತಿಳಿದಿತ್ತು.

ಆಗ ಕಾರ್ತಿಕ ಮಾಸ. ಏಳು ಹಗಲು, ಏಳು ರಾತ್ರಿ ಬಿಡುವಿಲ್ಲದೆ ನಡೆಯುವ ಭಜನೆ. ಎರಡು ಗಂಟೆಗೊಂದು ಪಾಳಿ. ಒಂದು ಪಾಳಿ ಎದ್ದು ಇನ್ನೊಂದು ಪಾಳಿ ಕೂರುವಾಗ ಸ್ವರ ಒಂದು ಉಸಿರಿನಷ್ಟೂ ಕಡಿಯಬಾರದು. ಅಲ್ಲಿ ಶ್ರುತಿಪೆಟ್ಟಿಗೆ ಇಡುವ ಪದ್ಧತಿಯಿಲ್ಲ. ಹಾಡುವವರ ಗಂಟಲೇ ಶ್ರುತಿ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ತುಳಸಾಬಾಯಿಯವರ ಪಾಳಿ ಮುಗಿದು ಕುಮುದಾಳ ಪಾಳಿ ಕೂರಬೇಕಿತ್ತು.

ಕುಮುದಾ ಹೊಳೆಯಲ್ಲಿ ಮಿಂದು, ಶುಂಠಿ ಕಷಾಯ ಕುಡಿದು, ಬಾಗಿಲಿನಿಂದಲೇ ಹಾಡುತ್ತ ಒಳಗೆ ಬಂದಳು. ಹೊಸ ಗಂಟಲು. ಸ್ವರ ಮಾಡಿನ ಹಂಚಿಗೆ ಮುಟ್ಟಿತು.

ಎರಡು ಗಂಟೆ ಹಾಡಿದವರ ಶ್ರುತಿ ಅಷ್ಟು ಹೊತ್ತಿಗೆ ಕೆಳಗಿಳಿದಿತ್ತು. ಅವರು ಅವಳ ಎತ್ತರಕ್ಕೆ ಏರಲು ಹೋದರು. ಒಬ್ಬರ ಸ್ವರ ಒಡೆಯಿತು, ಇನ್ನೊಬ್ಬರಿಗೆ ಕೆಮ್ಮು ಬಂತು. ಕುಮುದಾ ಗಾಬರಿಯಾಗಿ ಬಾಯಿ ಮುಚ್ಚಿದಳು.

ಒಂದು ಕ್ಷಣ ಕೋಣೆಯಲ್ಲಿ ತುಳಸಾಬಾಯಿಯವರ ತಾಳವೊಂದೇ ಉಳಿಯಿತು. ಟಿಣ್, ಟಿಣ್. ಅದರ ಮೇಲೆ ಮೆಲ್ಲನೆ ಅವರ ಹಳೆಯ ಸ್ವರ ಎದ್ದಿತು. ಆಮೇಲೆ ಉಳಿದವರು ಕೂಡಿಕೊಂಡರು.

ಎಂಟಕ್ಕೆ ಪಾಳಿ ಮುಗಿಸಿ ಕುಮುದಾ ರಿಪೇರಿ ಕೋಣೆಗೆ ಬಂದಳು.

"ಅಮ್ಮಾ, ನನ್ನ ಸ್ವರ ಶುದ್ಧವಾಗಿತ್ತಲ್ಲ?"

"ಶುದ್ಧವಾಗಿತ್ತು."

"ಮತ್ತೆ ಅವರೆಲ್ಲ ಯಾಕೆ ತಪ್ಪಿದರು?"

"ಮೇಜು ಒರೆಸಿದೆಯಾ?"

ಕುಮುದಾ ಮೇಜು ಒರೆಸಿದಳು. ಉತ್ತರ ಮೇಜಿನ ಮೇಲೂ ಇರಲಿಲ್ಲ.

ಒಂಬತ್ತು ಗಂಟೆಗೆ ಸುಂದರಿ ಬಂದಳು. ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದ ಐತಪ್ಪನ ಹೆಂಡತಿ. ಐತಪ್ಪ ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಫೋನನ್ನು ಮೇಜಿನ ಮೇಲಿಟ್ಟಳು. ಬೆನ್ನು ಉಬ್ಬಿ ಮುಚ್ಚಳ ಬಾಯಿ ಬಿಟ್ಟಿತ್ತು.

"ಬಾಯಮ್ಮಾ, ಇದನ್ನು ಸಾಯಲು ಬಿಡಬೇಡಿ," ಎಂದಳು.

"ಕೂತುಕೋ. ಏನಾಗಿದೆ, ಮೊದಲಿನಿಂದ ಹೇಳು."

"ನಮ್ಮವರು ಹದಿನೆಂಟು ವರ್ಷ ನಿಮ್ಮ ಭಜನೆಗೆ ಬಂದರು. ಒಂದು ದಿನ ಬಾಯಿ ತೆರೆದದ್ದುಂಟೇ?"

"ಇಲ್ಲ. ಮೂಲೆಯಲ್ಲಿ ಕೂತು ತೊಡೆ ತಟ್ಟುತ್ತಿದ್ದ."

"ನಾಚಿಕೆ ಬಾಯಮ್ಮಾ, ನಾಚಿಕೆ. ಹೊಳೆಯ ನಡುವೆ ದೋಣಿಯಲ್ಲಿ ಒಬ್ಬರೇ ಇರುವಾಗ ಹಾಡುತ್ತಿದ್ದರಂತೆ. ಹಾಡಿ ಇದರಲ್ಲಿ ತುಂಬಿಸಿಟ್ಟಿದ್ದಾರೆ. ನೂರಾ ಹನ್ನೊಂದು ಹಾಡು! ಮೂವತ್ತು ವರ್ಷ ಅವರಿಗೆ ಗಂಜಿ ಬಡಿಸಿದವಳು ನಾನು. ನನಗೆ ಗೊತ್ತಾದದ್ದು ಹದಿಮೂರನೆಯ ದಿನದ ಕರ್ಮ ಮುಗಿದ ಮಾರನೆಯ ದಿನ."

"ಎಷ್ಟು ಕೇಳಿದೆ?"

"ಮೂರು. ಅಷ್ಟರಲ್ಲಿ ಇದು ಉಬ್ಬಿತು. ಚಾರ್ಜಿನ ತೂತು ಸುಟ್ಟುಹೋಗಿದೆ, ಅಲ್ಲಿಂದ ಏನೂ ಹೋಗುವುದಿಲ್ಲ, ಬರುವುದಿಲ್ಲ."

ಕುಮುದಾ ಗುಂಡಿ ಒತ್ತಿ ನೋಡಿದಳು. ಶೇಕಡಾ ಎಂಟು ಉಳಿದಿತ್ತು.

"ಇದು ಸುಲಭ ಅಕ್ಕಾ. ಹೊಸ ಬ್ಯಾಟರಿ ನಮ್ಮಲ್ಲೇ ಇದೆ. ಹಳೆಯದು ತೆಗೆದು ಹೊಸದು ಹಾಕಿ ಪುನಃ ಆನ್ ಮಾಡಿದರಾಯಿತು."

"ಆನ್ ಮಾಡುವಾಗ ನಂಬರು ಕೇಳುತ್ತದೆ ಮಗಾ. ಈಗ ನನ್ನ ಬೆರಳಿಗೆ ತೆರೆಯುತ್ತದೆ, ಅವರೇ ಒಮ್ಮೆ ಒತ್ತಿಸಿ ಇಟ್ಟಿದ್ದರು. ಒಂದು ಸಲ ಆರಿದರೆ ಬೆರಳು ಸಾಲದು, ನಂಬರೇ ಬೇಕು. ನಂಬರು ಅವರ ಜೊತೆಯೇ ಹೋಯಿತು."

"ಹಾಡುಗಳನ್ನು ಬೇರೆ ಫೋನಿಗೆ ಕಳಿಸಿಬಿಡೋಣ?"

"ಪೇಟೆಯ ಅಂಗಡಿಯವನು ನೋಡಿದ. ಒಂದು ಕಳಿಸುವಷ್ಟರಲ್ಲಿ ಹನ್ನೊಂದು ಇದ್ದ ಚಾರ್ಜು ಎಂಟಕ್ಕೆ ಬಂತು. 'ಆಸೆ ಬಿಡಿ ಅಮ್ಮ, ಹೊಸ ಫೋನು ತಗೊಳ್ಳಿ' ಅಂದ. ಹೊಸ ಫೋನಿನಲ್ಲಿ ಇವರು ಹಾಡುತ್ತಾರೋ?"

ಕುಮುದಾ ಗುರುವಿನ ಕಡೆ ನೋಡಿದಳು.

ತುಳಸಾಬಾಯಿ ಕನ್ನಡಕ ಒರೆಸಿ ಹಾಕಿಕೊಂಡರು.

"ಎಕ್ಸ್‌ಚೇಂಜಿನ ಬ್ಯಾಟರಿ ಬದಲಿಸುವಾಗ ಊರಿನವರಿಗೆಲ್ಲ ಮಾತು ನಿಲ್ಲಿಸಿ ಅಂತ ನಾವು ಹೇಳುತ್ತಿರಲಿಲ್ಲ. ಫೋನು ಬಿಚ್ಚು," ಎಂದರು.

ಕುಮುದಾ ಬೆನ್ನಿನ ಮುಚ್ಚಳ ಬಿಚ್ಚಿದಳು. ಬೆಸುಗೆ ಕಡ್ಡಿ ಕಾಯಲು ಇಟ್ಟಳು. ಬ್ಯಾಟರಿ ಕೂರುವ ಎರಡು ಬಿಂದುಗಳಿಗೆ ಎರಡು ತೆಳು ತಂತಿ ಬೆಸೆಯಬೇಕು.

"ಮುಟ್ಟುವ ಮೊದಲು?" ಎಂದರು ಗುರು.

"ಕಡ್ಡಿಯ ಪ್ಲಗ್ಗು ಕೀಳಬೇಕು. ಒಳಗೆ ಜೀವ ಇದೆ."

"ತಂತಿಯ ತುದಿಗಳು?"

"ಒಂದನ್ನೊಂದು ಮುಟ್ಟದ ಹಾಗೆ ಟೇಪು."

"ಮಾಡು."

ಅವಳು ಮಾಡಿದಳು. ಕೂದಲೆಳೆಯಷ್ಟು ಜಾಗ. ಉಸಿರು ಬಿಗಿಹಿಡಿದು ಎರಡು ಚುಕ್ಕೆ ಬೆಸುಗೆ. ಶೇಕಡಾ ಏಳು.

ಸುಂದರಿ ಬೆನ್ನ ಹಿಂದೆ ನಿಂತು ಇಣುಕಿದಳು. "ಏನು ಮಾರಾಯ್ತಿ ನಿನ್ನ ಕೈ! ನಮ್ಮ ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಮೂರು ಜನ ಬೇಕು."

ಕುಮುದಾಳ ಮುಖ ಅರಳಿತು. ಕಪಾಟಿನಿಂದ ಅವಳು ಹಳೇ ಗುಂಡಿ ಫೋನಿನ ಒಂದು ಪುಟ್ಟ ಬ್ಯಾಟರಿ ತಂದಳು. ಹಳೆಯದು ಎದ್ದು ಹೊಸದು ಕೂರುವ ತನಕ ಫೋನು ಆರದಂತೆ ನಡುವೆ ಆಸರೆಗೆ ಅದು. ನಿನ್ನೆಯೇ ತುಂಬಿಸಿಟ್ಟದ್ದು, ಪೂರ್ತಿ ತುಂಬಿತ್ತು.

"ಇದನ್ನು ತಂತಿಗೆ ಸೇರಿಸಿ, ಹಳೆಯದನ್ನು ತೆಗೆಯುತ್ತೇನೆ ಅಮ್ಮಾ. ತುಂಬಿದ ಬ್ಯಾಟರಿ, ಬೇಕಾದಷ್ಟು ಬಲ ಇದೆ."

ಅವಳು ತಂತಿ ಎತ್ತಿದಳು. ನಡುಗುವ ಒಂದು ಅಂಗೈ ನಡುವೆ ಬಂತು.

"ಹಳೆಯದು ಎಷ್ಟಿದೆ?"

ಕುಮುದಾ ಮೀಟರು ಇಟ್ಟಳು. "ಮೂರು ಪಾಯಿಂಟ್ ಆರು ವೋಲ್ಟು."

"ನಿನ್ನ ಬಲಶಾಲಿ?"

"ನಾಲ್ಕು ಪಾಯಿಂಟ್ ಎರಡು."

"ಬೆಳಿಗ್ಗೆ ನೀನು ಭಜನೆಯ ಕೋಣೆಗೆ ಎಷ್ಟು ಎತ್ತರದ ಶ್ರುತಿಯಲ್ಲಿ ಬಂದೆ?"

ಕುಮುದಾಳ ಕೈಯಲ್ಲಿದ್ದ ತಂತಿ ಅಲ್ಲಿಯೇ ನಿಂತಿತು.

ಪಕ್ಕದ ಕೋಣೆಯಿಂದ ಭಜನೆ ಕೇಳುತ್ತಿತ್ತು. ಯಾರದೋ ದಣಿದ ಪಾಳಿ. ಸ್ವರ ತಗ್ಗಿತ್ತು, ಆದರೆ ನೇರವಾಗಿತ್ತು.

ತುಂಬಿದ್ದು ಬರಿದಾಗುತ್ತಿರುವುದರ ಮೇಲೆ ಒಮ್ಮೆಲೇ ಸುರಿದರೆ ಏನಾಗುತ್ತದೆಂದು ಅವಳಿಗೆ ಈಗ ಕಂಡಿತು. ಮೊದಲೇ ಉಬ್ಬಿದ ಬ್ಯಾಟರಿ. ಕಾಯುತ್ತದೆ, ಹೊಗೆಯಾಡುತ್ತದೆ. ನೂರಾ ಹನ್ನೊಂದು ಹಾಡುಗಳೂ ಅದರ ಜೊತೆ.

ಅವಳು ತಂತಿಯನ್ನು ಮೇಜಿನ ಮೇಲಿಟ್ಟಳು.

"ಇಳಿಸುತ್ತೇನೆ ಅಮ್ಮಾ," ಎಂದಳು.

ಪುಟ್ಟ ಬ್ಯಾಟರಿಗೆ ಬೈಕಿನ ಒಂದು ಬಲ್ಬು ಕಟ್ಟಿದಳು. ಬಲ್ಬು ಮಂಕಾಗಿ ಉರಿಯಿತು. ನಾಲ್ಕು ಪಾಯಿಂಟ್ ಒಂದು. ನಾಲ್ಕು.

ಫೋನಿನಲ್ಲಿ ಶೇಕಡಾ ಆರು.

"ಇಲ್ಲಿ ಇದು ಸಾಯುತ್ತಾ ಇದೆ, ಅಲ್ಲಿ ನೀನು ಇದ್ದ ಕರೆಂಟನ್ನೂ ಸುಡುತ್ತೀಯಲ್ಲ ಮಾರಾಯ್ತಿ!" ಸುಂದರಿ ತಡೆಯಲಾರದೆ ಹೇಳಿದಳು.

"ಐತಪ್ಪ ದೋಣಿಯನ್ನು ದಡಕ್ಕೆ ತರುವಾಗ ಏನು ಮಾಡುತ್ತಿದ್ದ?" ತುಳಸಾಬಾಯಿ ಕೇಳಿದರು.

"ಹುಟ್ಟು ಹಾಕುವುದು ನಿಲ್ಲಿಸುತ್ತಿದ್ದರು."

"ದಡ ಹತ್ತಿರ ಬಂತು, ಜೋರಾಗಿ ಹಾಕೋಣ ಅನ್ನುತ್ತಿರಲಿಲ್ಲವೇ?"

ಸುಂದರಿ ಸ್ಟೂಲಿನ ಮೇಲೆ ಕೂತಳು.

ಮೂರು ಪಾಯಿಂಟ್ ಒಂಬತ್ತು. ಮೂರು ಪಾಯಿಂಟ್ ಏಳು. ಶೇಕಡಾ ಐದು. ಶೇಕಡಾ ನಾಲ್ಕು. ಬಲ್ಬಿನ ಮೇಲೆ ಒಂದು ನೊಣ ಕೂತು ಎದ್ದು ಹೋಯಿತು.

ಕುಮುದಾಳ ಕಣ್ಣು ಗುರುವಿನ ಕಡೆ ಹೋಯಿತು. ಅವರು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟು, ನೆಟ್ಟಗೆ ಕೂತಿದ್ದರು. ನಡುಕವನ್ನೂ ಅವರು ಶಿಸ್ತಿನಲ್ಲಿ ಕೂರಿಸಿದ್ದರು. ಕಣ್ಣು ಮಾತ್ರ ಮೀಟರಿನಿಂದ ಕದಲಲಿಲ್ಲ. ಇವರ ಹಾಗೆ ಸುಮ್ಮನೆ ಕೂರಲು ತನಗೆ ಇನ್ನೆಷ್ಟು ವರ್ಷ ಬೇಕೋ ಎಂದುಕೊಂಡಳು.

ಶೇಕಡಾ ಮೂರು.

"ಹಳೆಯದು ಮೂರು ಪಾಯಿಂಟ್ ಐದು ಐದು," ಬಲ್ಬು ಬಿಡಿಸಿ ಅಳೆದು ಹೇಳಿದಳು ಕುಮುದಾ. "ಇದು ಮೂರು ಪಾಯಿಂಟ್ ಐದು ಆರು."

"ಈಗ."

ಅವಳು ತಂತಿ ಸೇರಿಸಿದಳು. ಕಿಡಿ ಹಾರಲಿಲ್ಲ, ಸದ್ದಾಗಲಿಲ್ಲ. ಬೆರಳಿಟ್ಟು ನೋಡಿದಳು. ತಂತಿ ತಣ್ಣಗಿತ್ತು.

"ಹಳೆಯದನ್ನು ತೆಗೆಯಲೇ?"

"ಅದಕ್ಕೆ ಹೊರಡಲು ಸ್ವಲ್ಪ ಹೊತ್ತು ಕೊಡು."

ಅವಳು ಇಪ್ಪತ್ತು ಎಣಿಸಿದಳು. ಆಮೇಲೆ ಪ್ಲಾಸ್ಟಿಕ್ ಚಮಚದಿಂದ ಉಬ್ಬಿದ ಬ್ಯಾಟರಿಯನ್ನು ಎಬ್ಬಿಸಿ, ಬಿಡಿಸಿ, ಮರಳಿನ ಬಕೆಟ್ಟಿನಲ್ಲಿ ಮಲಗಿಸಿದಳು.

ಗಾಜಿನ ಮೇಲೆ ಬೆರಳು ತಾಗಿಸಿದಳು. ಪರದೆ ಬೆಳಗಿತು. ಗಂಟೆ ಹತ್ತೂ ಐವತ್ತು ಎಂದು ತೋರಿಸಿತು.

"ಅಮ್ಮಾ! ಫೋನಿಗೆ ಗೊತ್ತೇ ಆಗಲಿಲ್ಲ!"

"ಕೂಗಬೇಡ. ಅರ್ಧ ಹೊಳೆ ದಾಟಿದ್ದೀಯ ಅಷ್ಟೇ. ಹೊಸದು ಎಷ್ಟಿದೆ?"

ಹೊಸ ಬ್ಯಾಟರಿ ಮೂರು ಪಾಯಿಂಟ್ ಎಂಟು ಇತ್ತು.

ಕುಮುದಾ ಈ ಸಲ ಕೇಳಲಿಲ್ಲ. ಬಲ್ಬನ್ನು ಬದಿಗಿಟ್ಟು, ಪುಟ್ಟ ಬ್ಯಾಟರಿಗೆ ಚಾರ್ಜರಿನ ತಂತಿ ಕಚ್ಚಿಸಿದಳು. ಹಳೆಯದಕ್ಕಾಗಿ ಕೆಳಗಿಳಿದದ್ದು ಈಗ ಫೋನನ್ನು ಹೊತ್ತುಕೊಂಡೇ ಹೊಸದರ ಕಡೆಗೆ ಮೆಲ್ಲಗೆ ಏರತೊಡಗಿತು.

ತುಳಸಾಬಾಯಿ ಎದ್ದು ಹೋಗಿ ಮೂರು ಲೋಟ ಮಜ್ಜಿಗೆ ತಂದರು. ಅವರು ರಿಪೇರಿ ಕೋಣೆಗೆ ಮಜ್ಜಿಗೆ ತಂದದ್ದನ್ನು ಕುಮುದಾ ಮೂರು ವರ್ಷದಲ್ಲಿ ಕಂಡಿರಲಿಲ್ಲ.

ಹನ್ನೊಂದೂವರೆಗೆ ಎರಡೂ ಸಮನಾದವು. ಅವಳು ಚಾರ್ಜರು ಬಿಡಿಸಿ, ಹೊಸ ಬ್ಯಾಟರಿಯನ್ನು ಅದರ ಜಾಗದಲ್ಲಿ ಒತ್ತಿ ಕೂರಿಸಿದಳು. ತಂತಿ ಕೀಳಲು ಕೈ ಚಾಚಿದಳು.

"ಬಂದ ಗಳಿಗೆಯಲ್ಲೇ ಬೀಗದ ಕೈ ಕೇಳುವ ಸೊಸೆಯೇನು ಅದು?" ಎಂದರು ಗುರು.

ಸುಂದರಿ ಇಪ್ಪತ್ತು ದಿನಗಳಲ್ಲಿ ಮೊದಲ ಸಲ ನಕ್ಕಳು. "ನನ್ನ ಸೊಸೆ ಬಾಗಿಲಲ್ಲೇ ಕೇಳಿದ್ದಳು ಬಾಯಮ್ಮಾ!"

"ಎಷ್ಟು ಹೊತ್ತು ಇರಲಿ?" ಕುಮುದಾ ಕೇಳಿದಳು.

"ಹೊಸದು ಕೂತದ್ದು ಗಟ್ಟಿಯಾಗಿದೆ ಎಂದು ನಿನ್ನ ಕೈಗೆ ನಂಬಿಕೆ ಬರುವ ತನಕ."

ಕುಮುದಾ ಬ್ಯಾಟರಿಯ ಮೂಲೆ ಮೂಲೆ ಒತ್ತಿ ನೋಡಿದಳು. ಒಂದು ಕಡೆ ಅದು ಪೂರ್ತಿ ಕೂತಿರಲಿಲ್ಲ. ಉಗುರಿನಷ್ಟು ಎದ್ದಿತ್ತು. ಆಗಲೇ ತಂತಿ ಕಿತ್ತಿದ್ದರೆ ಎಲ್ಲವೂ ಮುಗಿದಿರುತ್ತಿತ್ತು. ಅವಳು ಸದ್ದಿಲ್ಲದೆ ಅದನ್ನು ಒತ್ತಿದಳು. ಟಕ್ ಎಂದಿತು.

ಗುರುವಿನ ಮುಖ ನೋಡುವ ಧೈರ್ಯವಾಗಲಿಲ್ಲ. ಇನ್ನಷ್ಟು ಹೊತ್ತು ಕಾದು, ಕಾಯಿಸಿದ ಕಡ್ಡಿಯ ಪ್ಲಗ್ಗು ಕಿತ್ತು, ಒಂದೊಂದೇ ತಂತಿ ಬಿಡಿಸಿದಳು.

"ಅಕ್ಕಾ, ನಿಮ್ಮ ಬೆರಳು."

ಸುಂದರಿ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಇಟ್ಟಳು.

ಫೋನು ತೆರೆಯಿತು. ನಂಬರು ಕೇಳಲಿಲ್ಲ.

ಮೊದಲು ಹುಟ್ಟಿನ ಸದ್ದು ಬಂತು. ನೀರು ಬಗೆಯುವ ಸದ್ದು. ಆಮೇಲೆ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು, ಯಾರೂ ಕೇಳುತ್ತಿಲ್ಲವೆಂಬ ನೆಮ್ಮದಿಯಲ್ಲಿ ಹಾಡತೊಡಗಿದ.

ಸುಂದರಿ ಅಳಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡು, "ಇದು ನಾಲ್ಕನೆಯದು," ಎಂದಳು.

ಮಧ್ಯಾಹ್ನವೆಲ್ಲ ಹಾಡುಗಳು ಒಂದೊಂದಾಗಿ ಆಶ್ರಮದ ಕಂಪ್ಯೂಟರಿಗೆ ಬಂದು ಸೇರಿದವು. ಸುಂದರಿ ಅಲ್ಲೇ ಕೂತು ಒಂದೂ ತಪ್ಪದಂತೆ ಲೆಕ್ಕ ಹಿಡಿದಳು.

ಸಂಜೆ ನಾಲ್ಕರಿಂದ ತುಳಸಾಬಾಯಿಯವರ ಪಾಳಿ. ಆರಕ್ಕೆ ಕುಮುದಾಳದು.

ಆರು ಗಂಟೆಗೆ ಹತ್ತು ನಿಮಿಷ ಇರುವಾಗಲೇ ಕುಮುದಾ ಬಾಗಿಲಿಗೆ ಬಂದು ನಿಂತಳು. ಹಾಡಲಿಲ್ಲ. ಕೇಳಿದಳು. ಸ್ವರ ಎಲ್ಲಿದೆ ಎಂದು ಹುಡುಕಿದಳು. ಅದು ಬಹಳ ಕೆಳಗಿತ್ತು. ಅಷ್ಟು ಕೆಳಗೆ ಅವಳು ಎಂದೂ ಹಾಡಿದವಳಲ್ಲ.

ಗುರುವಿನ ಪಕ್ಕದಲ್ಲಿ ಕೂತಳು. ತುಟಿಯಲ್ಲೇ ಶುರು ಮಾಡಿದಳು. ತನ್ನ ಸ್ವರ ತನಗೇ ಬೇರೆಯಾಗಿ ಕೇಳದಷ್ಟು ಸಣ್ಣಗೆ. ಅವಳ ಜೊತೆಯವರೂ ಹಾಗೆಯೇ ಬಂದು ಕೂಡಿದರು.

ಒಂದು ಚರಣ ಹೋಯಿತು, ಎರಡು ಹೋದವು. ಅವಳ ಬಲಗೈಗೆ ಗುರುವಿನ ಕೈಯಿಂದ ಒಂದು ತಾಳ ಬಂತು. ಸ್ವಲ್ಪ ಹೊತ್ತು ಬಿಟ್ಟು ಎಡಗೈಗೆ ಇನ್ನೊಂದು. ಲಯದಲ್ಲಿ ಒಂದು ಪೆಟ್ಟೂ ತಪ್ಪಲಿಲ್ಲ. ಸ್ವರ ಮೆಲ್ಲಮೆಲ್ಲನೆ, ದೀಪದ ಎಣ್ಣೆ ಬತ್ತಿಗೆ ಏರುವಂತೆ, ಏರುತ್ತ ಬಂತು. ಹಿಂದಿನ ಮೂಲೆಯಲ್ಲಿ, ಐತಪ್ಪ ಕೂರುತ್ತಿದ್ದ ಜಾಗದಲ್ಲಿ, ಸುಂದರಿ ಬಾಯಿ ತೆರೆದು ಹಾಡುತ್ತಿದ್ದಳು.

ಕುಮುದಾ ಪಕ್ಕಕ್ಕೆ ತಿರುಗಿ ನೋಡಿದಾಗ ಗುರುವಿನ ಚಾಪೆ ಖಾಲಿಯಾಗಿತ್ತು.

ಎಂಟಕ್ಕೆ ಪಾಳಿ ಒಪ್ಪಿಸಿ ಅವಳು ಹೊಳೆಯ ಮೆಟ್ಟಿಲಿಗೆ ಓಡಿದಳು. ತುಳಸಾಬಾಯಿ ಕೆಳಗಿನ ಮೆಟ್ಟಿಲಿನಲ್ಲಿ ಕೂತು ಕಾಲು ತೊಳೆಯುತ್ತಿದ್ದರು.

"ಅಮ್ಮಾ, ನೀವು ಎದ್ದು ಬಂದದ್ದು ನನಗೆ ಗೊತ್ತೇ ಆಗಲಿಲ್ಲ!"

ಅವರು ನೆರಿಗೆ ಸರಿಪಡಿಸಿಕೊಂಡು ಎದ್ದು ನಿಂತರು.

"ಭಜನೆಗೂ ಗೊತ್ತಾಗಲಿಲ್ಲ," ಎಂದರು.