ಕೊಂಬೆಯ ಸ್ಥಳ ಪರಿಶೀಲನೆ

ಕೆರೆಯ ಮೇಲೆ ಬಾಗಿದ ಅತ್ತಿಮರದಲ್ಲಿ ಮಂಗಗಳ ಶಾಸನಸಭೆ ಸೇರಿತ್ತು. ಅದೇ ಮರದಲ್ಲಿ ಗೂಡು ಕಟ್ಟಿದ್ದ ಅಳಿಲು ತಿಂಗಳುಗಟ್ಟಲೆ ಅಧ್ಯಯನ ಮಾಡಿ ವರದಿ ಒಪ್ಪಿಸಿತು: "ಸಭಾಧ್ಯಕ್ಷರೇ, ಕೆರೆಯ ಕಡೆಯ ಕೊಂಬೆ ಒಳಗೆ ಟೊಳ್ಳಾಗಿದೆ. ಹನ್ನೆರಡಕ್ಕಿಂತ ಹೆಚ್ಚು ಮಂಗಗಳು ಏರಿದರೆ ಮುರಿಯುತ್ತದೆ."

"ಅಮೋಘ ವರದಿ!" ಎಂದಿತು ಅಧ್ಯಕ್ಷ ಮುದಿಮಂಗ. "ಆದರೆ ಸ್ಥಳ ಪರಿಶೀಲನೆ ಮಾಡದೆ ಒಪ್ಪುವುದು ಹೇಗೆ?"

"ಹಾಗಾದರೆ ಒಬ್ಬರು ಹೋಗಿ ಬನ್ನಿ" ಎಂದಿತು ಅಳಿಲು.

"ವಿರೋಧ ಪಕ್ಷವನ್ನು ಬಿಟ್ಟು ಪರಿಶೀಲನೆಯೇ?" ಎಂದು ಒಂದು ಗುಂಪು ಕಿರುಚಿತು. ಸಭೆಯ ನಲವತ್ತು ಮಂಗಗಳೂ ಕೊಂಬೆಗೆ ಹಾರಿದವು, ಅಳಿಲನ್ನು ಅಭಿನಂದಿಸುತ್ತ ಕುಣಿದವು. ಕೊಂಬೆ ಲಟಕ್ಕನೆ ಮುರಿಯಿತು. ಇಡೀ ಸಭೆ ಕೆರೆಗೆ ಬಿತ್ತು.

ಅಧ್ಯಕ್ಷ ನೀರಿನಿಂದ ತಲೆಯೆತ್ತಿ ಕೂಗಿತು: "ವರದಿ ಅಕ್ಷರಶಃ ನಿಜ! ಅಳಿಲಮ್ಮಾ, ಉಳಿದ ಕೊಂಬೆಗಳ ವರದಿಯನ್ನೂ ಬೇಗ ಕೊಡಮ್ಮಾ!"

ಅಳಿಲು ತನ್ನ ಗೂಡಿನ ಕೊನೆಯ ಮರಿಯನ್ನು ಕಚ್ಚಿಕೊಂಡು ಆಗಲೇ ಪಕ್ಕದ ಮರ ಏರುತ್ತಿತ್ತು.